ಮಾತು ತಪ್ಪಿಸೋಕೆ ಕಾಲ ಹಿಂದಕ್ಕೆ ಜಿಗಿದ ಹುಡುಗಿ: ನಿಮಗೇನನ್ನಿಸ್ತು?

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರಲಿ. ಪೂರ್ತಿ ಕತೆ ಈ ಚರ್ಚೇಲಿ ಬರುತ್ತೆ, ನೋಡಿಲ್ಲದೋರು ನೋಡ್ಕೊಂಡು ಬಂದು ಓದಿದ್ರೆ ಒಳ್ಳೇದು.

ಹೋದ ಶನಿವಾರ ಸಂಜೆ ಹಿಡಿದ ಮಳೆ ರಾತ್ರಿಯಾದ್ರೂ ಬಿಡಲಿಲ್ಲ. ಒಂಬತ್ತನೇ ಕ್ಲಾಸಿನ ಮಗಳು, ಪಕ್ಕದ ಮನೆಯ ಇಬ್ಬರು ಹುಡುಗರು, ನಾನು, ಮಧ್ಯದಲ್ಲಿ ಒಂದು ದೊಡ್ಡ ತಟ್ಟೆ ಒಗ್ಗರಣೆ ಮಂಡಕ್ಕಿ. ಮಗಳು ಹಾಕಿದ್ದು ಜಪಾನಿನ ಅನಿಮೇಷನ್ ಸಿನಿಮಾ, 'ದಿ ಗರ್ಲ್ ಹೂ ಲೆಪ್ಟ್ ಥ್ರೂ ಟೈಮ್'. ಮಮೋರು ಹೊಸೋದಾ ನಿರ್ದೇಶನ, 2006ರದ್ದು. ಮಕ್ಕಳ ಸಿನಿಮಾ ಅಂದ್ಕೊಂಡು ಅವರೆಕಾಯಿ ಬಿಡಿಸ್ತಾ ಕೂತೋಳು ನಾನು. ಅರ್ಧಕ್ಕೇ ಕಾಯಿ ಪಕ್ಕಕ್ಕಿಟ್ಟೆ.

ಮಕೋತೊ ಅಂತ ಹೈಸ್ಕೂಲ್ ಹುಡುಗಿ. ಚಿಯಾಕಿ, ಕೋಸುಕೆ ಅಂತ ಇಬ್ಬರು ಗೆಳೆಯರು. ಶಾಲೆ ಬಿಟ್ಟ ಮೇಲೆ ಮೂರೂ ಜನ ಮೈದಾನದಲ್ಲಿ ಬೇಸ್‌ಬಾಲ್ ಆಡೋದು, ಅದೇ ಅವರ ಪ್ರಪಂಚ. ಜುಲೈ 13ರಂದು ಸೈನ್ಸ್ ಲ್ಯಾಬಿನಲ್ಲಿ ಅಕ್ರೋಟದ ಥರದ ಒಂದು ವಸ್ತುವಿನ ಮೇಲೆ ಬೀಳ್ತಾಳೆ. ಅದೇ ದಿನ ಇಳಿಜಾರಿನಲ್ಲಿ ಸೈಕಲ್ ಬ್ರೇಕ್ ಹಿಡಿಯಲ್ಲ, ಕೆಳಗೆ ರೈಲ್ವೆ ಗೇಟು, ರೈಲು ಬರ್ತಿದೆ. ಸತ್ತೇ ಹೋದೆ ಅನ್ನೋ ಕ್ಷಣದಲ್ಲಿ ಸ್ವಲ್ಪ ಹೊತ್ತು ಹಿಂದಕ್ಕೆ ಬಂದು ಬಿದ್ದಿರ್ತಾಳೆ. ಕಾಲ ಜಿಗಿಯೋ ಶಕ್ತಿ ಸಿಕ್ಕಿದೆ ಅಂತ ಆಮೇಲೆ ತಿಳಿಯುತ್ತೆ.

ಅಂಥ ಶಕ್ತಿ ಸಿಕ್ಕ ಹುಡುಗಿ ಮಾಡೋದೇನು ಅಂದ್ರೆ, ತಂಗಿ ತಿಂದುಬಿಟ್ಟ ಪುಡ್ಡಿಂಗನ್ನ ಹಿಂದಿನ ದಿನಕ್ಕೆ ಹೋಗಿ ತಾನು ತಿನ್ನೋದು. ಪರೀಕ್ಷೆ ಮತ್ತೆ ಬರೆಯೋದು. ಕರಾವೊಕೆಯಲ್ಲಿ ಅದೇ ಒಂದು ಗಂಟೆಯನ್ನ ಮತ್ತೆ ಮತ್ತೆ ಹಾಡೋದು. ಪಕ್ಕದ ಮನೆ ಹುಡುಗರು ಬಿದ್ದು ಬಿದ್ದು ನಕ್ಕರು.

ಆಮೇಲೆ ಬರೋದು ಹೊಳೆ ದಂಡೆಯ ದೃಶ್ಯ. ಸಂಜೆ, ಚಿಯಾಕಿ ಸೈಕಲ್ ತುಳೀತಿದ್ದಾನೆ, ಹಿಂದೆ ಇವಳು. ಅವನು ತಿರುಗಿ ನೋಡದೆ, ನಾವಿಬ್ಬರೂ ಜೋಡಿ ಆಗೋಣ್ವಾ ಅಂತ ಕೇಳ್ತಾನೆ. ಇವಳಿಗೆ ಗಾಬರಿ. ತಕ್ಷಣ ಹಿಂದಕ್ಕೆ ಜಿಗೀತಾಳೆ, ಬೇರೆ ಮಾತು ಎತ್ತುತಾಳೆ. ಸುತ್ತಿ ಬಳಸಿ ಅವನು ಅಲ್ಲಿಗೇ ಬರ್ತಾನೆ. ಮತ್ತೆ ಜಿಗಿತ. ಕೊನೆಗೆ ಸೈಕಲ್ಲೇ ಹತ್ತದೆ ಬೇರೆ ದಾರಿ ಹಿಡೀತಾಳೆ. ಆಗ ಮಗಳು ಟಿವಿಯಿಂದ ಕಣ್ಣು ಕೀಳದೆ ಅಂದ್ಲು: "ಅಮ್ಮಾ, ಅವನ ಮಾತು ಕೇಳಬಾರದು ಅಂತಾನೇ ಅಲ್ವಾ ಅವಳು ಕಾಲ ತಿರುಗಿಸ್ತಿರೋದು?"

ನನ್ನ ಕೈ ನಿಂತಿದ್ದು ಅಲ್ಲಿ.

ನಮ್ಮಪ್ಪನ ಊರು ಹೇಮಾವತಿ ಹಿನ್ನೀರಿನಲ್ಲಿ ಹೋಯ್ತು. ಗೊರೂರು ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಅದಕ್ಕೆ ಕೆಲವು ವರ್ಷ ಮೊದಲೇ ಅವರು ಮನೆ ಬಿಟ್ಟಿದ್ರು. ಅಪ್ಪನಿಗೆ ಆಗ ನನ್ನ ಮಗಳಷ್ಟೇ ವಯಸ್ಸು. ಮಳೆ ಜೋರಾಗಿ ಬಂದ ರಾತ್ರಿ ಊಟಕ್ಕೆ ಕೂತಾಗ "ನಾವು ಊರು ಬಿಟ್ಟ ದಿನ ಏನಾಯ್ತು ಅಂದ್ರೆ..." ಅಂತ ಶುರು ಮಾಡೋರು. ನಾನು "ಸಾರು ಹಾಕ್ಲಾ ಅಪ್ಪ?" ಅಂತಿದ್ದೆ. ಅವರು ತಟ್ಟೆ ಮುಂದಕ್ಕೆ ಸರಿಸೋರು. ಮಾತು ಅಲ್ಲಿಗೇ ನಿಲ್ತಿತ್ತು. ಒಂದು ಸಲ ಅಲ್ಲ, ಎಷ್ಟು ಸಲವೋ. ಅವರು ಅಳಬಹುದು ಅನ್ನೋ ಭಯ ನನಗೆ. ಅಪ್ಪ ಅಳೋದನ್ನ ನೋಡೋಕೆ ಆಗ್ತಿರಲಿಲ್ಲ. ಅವರು ಹೋಗಿ ಎರಡು ವರ್ಷ ಆಯ್ತು.

ಮಕೋತೊ ಮೇಲೆ ನಿಮಗೆ ಸಿಟ್ಟು ಬಂತಾ? ನನಗೆ ಬಂತು. ಎರಡು ದಿನ ಇತ್ತು.

ಕಾಫಿ ಹೂ (ಮೂಡಿಗೆರೆ)

ಸಿಟ್ಟು ಯಾಕ್ರೀ? ಪಾಪ, ಅವಳಿಗಿನ್ನೂ ಹದಿನೇಳು. ಮೂರು ಜನ ಆಡ್ತಿರೋ ಆಟ ಇಬ್ಬರದ್ದಾಗೋದು ಅವಳಿಗೆ ಬೇಡ, ಅಷ್ಟೇ. ಆ ವಯಸ್ಸಿನಲ್ಲಿ ಗೆಳೆತನ ಮುರೀತು ಅಂದ್ರೆ ಮನೇನೇ ಬಿದ್ದ ಹಾಗೆ. ನಾನು ಚಿಕ್ಕಮಗಳೂರಿನ ಹಾಸ್ಟೆಲ್ಲಿನಲ್ಲಿ ಇದ್ದಾಗ ನಾವು ನಾಲ್ವರು ಹುಡುಗಿಯರು ಹಿಂಗೇ ಇದ್ವಿ, ಒಬ್ಬಳ ಮದುವೆ ನಿಶ್ಚಯ ಆದ ದಿನ ಉಳಿದ ಮೂರೂ ಜನ ಊಟ ಮಾಡಲಿಲ್ಲ.

ನನಗೆ ನಿಜವಾಗಿ ನೋವಾಗಿದ್ದು ತಕಾಸೆ ಅನ್ನೋ ಹುಡುಗನ ವಿಷಯ. ಅಡುಗೆ ಕ್ಲಾಸಿನಲ್ಲಿ ಎಣ್ಣೆಗೆ ಬೆಂಕಿ ಹತ್ತೋದು ಮಕೋತೊ ಕೈಯಲ್ಲಿ. ಅವಳು ಹಿಂದಕ್ಕೆ ಹೋಗಿ ಜಾಗ ಬದಲಾಯಿಸ್ಕೋತಾಳೆ, ಬೆಂಕಿ ತಕಾಸೆ ಪಾಲಿಗೆ ಬರುತ್ತೆ. ಅಲ್ಲಿಂದ ಕ್ಲಾಸಿನವರೆಲ್ಲ ಅವನನ್ನ ಗೋಳು ಹುಯ್ಕೊಳ್ಳೋಕೆ ಶುರು. ಕೊನೆಗೆ ಅವನಿಗೆ ತಲೆ ಕೆಟ್ಟು ಬೆಂಕಿ ಆರಿಸೋ ಸಿಲಿಂಡರನ್ನೇ ಎತ್ತಿ ಎಸೀತಾನೆ. ಮಕೋತೊನ ಚಿಕ್ಕಮ್ಮ ಇದಾರಲ್ಲ, ಮ್ಯೂಸಿಯಮ್ಮಿನಲ್ಲಿ ಹಳೇ ಚಿತ್ರ ಸರಿ ಮಾಡೋರು, ಅವರು ಮೊದಲೇ ಒಂದು ಮಾತು ಕೇಳಿರ್ತಾರೆ: ನಿನಗೆ ಒಳ್ಳೇದಾದಾಗ ಬೇರೆ ಯಾರಿಗೋ ಕೆಟ್ಟದಾಗಿರಬಹುದು ಅಲ್ವಾ ಅಂತ. ಬೈದು ಹೇಳಲ್ಲ. ಕೆಲಸ ಮಾಡ್ತಾನೇ ಹೇಳ್ತಾರೆ.

ಸಿನಿಮಾ ಅವಳನ್ನ ಕೆಟ್ಟವಳು ಅನ್ನಲ್ಲ, ಒಳ್ಳೆಯವಳು ಅಂತಲೂ ಬಿಟ್ಟುಬಿಡಲ್ಲ. ಅದು ನನಗಿಷ್ಟ.

ಆ ಇಳಿಜಾರು ಮಾತ್ರ ನಮ್ಮ ಕಡೆಯವರಿಗೆ ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೆ ಮಾರಾಯ್ರೆ. ಮಳೆಗಾಲದಲ್ಲಿ ಬ್ರೇಕಿನ ರಬ್ಬರು ಒದ್ದೆಯಾಗಿ ಜಾರೋ ಶಬ್ದ ಇದೆಯಲ್ಲ, ಅದನ್ನ ಕೇಳಿ ಬೆಳೆದವರು ನಾವು.

ಎರಡನೇ ಪಿಯುಸಿ (ಚಿಕ್ಕಮಗಳೂರು)

ನಾನು ಮೂರು ಸಲ ನೋಡಿದೀನಿ. ಲೆಕ್ಕ ಕೂಡುತ್ತಾ ಅಂತ ನೋಡೋಕೆ.

ಒಂದು, ಅವಳು ಹಿಂದಕ್ಕೆ ಹೋದಾಗ ಅಲ್ಲಿ ಇನ್ನೊಬ್ಬಳು ಮಕೋತೊ ಇರಲ್ಲ. ಬೇರೆ ಕತೆಗಳಲ್ಲಿ ತನ್ನನ್ನೇ ತಾನು ಭೇಟಿ ಆಗೋ ತೊಡಕು ಬರುತ್ತಲ್ಲ, ಇಲ್ಲಿ ಅದಿಲ್ಲ. ಎರಡು, ಮಷಿನ್ನಿನೊಳಗೆ ಕೂತು ಗುಂಡಿ ಒತ್ತೋದಿಲ್ಲ. ಮೈಯಲ್ಲೇ ಓಡಬೇಕು, ಹಾರಬೇಕು, ಉರುಳಿ ಬಿದ್ದು ಏನಾದ್ರೂ ಗುದ್ದಿಕೊಳ್ಳಬೇಕು. ಮೂರು, ಲೆಕ್ಕ ಇದೆ. ತೋಳಿನ ಮೇಲೆ ಒಂದು ಸಂಖ್ಯೆ ಮೂಡಿರುತ್ತೆ, ಜಿಗಿದ ಹಾಗೆಲ್ಲ ಕಮ್ಮಿ ಆಗುತ್ತೆ. ಅವಳಿಗೆ ಅದು ಏನು ಅಂತ ತಿಳಿಯೋ ಹೊತ್ತಿಗೆ ಮುಕ್ಕಾಲು ಪಾಲು ಪುಡ್ಡಿಂಗಿಗೂ ಕರಾವೊಕೆಗೂ ಖರ್ಚಾಗಿದೆ.

ಕೊನೆಯ ಜಿಗಿತ ಯಾವುದಕ್ಕೆ ಹೋಯ್ತು ನೋಡಿ. ಚಿಯಾಕಿ ಫೋನ್ ಮಾಡಿ, ನೀನು ಕಾಲ ಜಿಗೀತಿದೀಯಾ ಅಂತ ಕೇಳ್ತಾನೆ. ಆ ಪ್ರಶ್ನೆ ಅಳಿಸೋಕೆ ಉಳಿದಿದ್ದ ಒಂದನ್ನೂ ಹಾಕಿಬಿಡ್ತಾಳೆ. ಅದಾದ ಮೇಲೆ ಗೊತ್ತಾಗುತ್ತೆ, ಬ್ರೇಕಿಲ್ಲದ ಅವಳ ಸೈಕಲ್ಲನ್ನ ಕೋಸುಕೆ ತಗೊಂಡು ಹೋಗಿದಾನೆ, ಹಿಂದೆ ಕಾಹೊ ಅನ್ನೋ ಹುಡುಗಿ ಕೂತಿದಾಳೆ, ಅದೇ ಇಳಿಜಾರು, ಅದೇ ರೈಲು. ಆಂಟಿ, ನಿಮ್ಮ ಮಗಳು ಹೇಳಿದ್ದು ಸರಿ ಅಂತ ನಾನು ಹೇಳೋದು ಇದಕ್ಕೇ. ಮೊದಲನೇ ದೊಡ್ಡ ತಪ್ಪೂ ಮಾತು ತಪ್ಪಿಸಿದ್ದು, ಕೊನೇದೂ ಅದೇ.

ಆಗ ಚಿಯಾಕಿ ಕಾಲ ನಿಲ್ಲಿಸ್ತಾನೆ. ಭವಿಷ್ಯದಿಂದ ಬಂದವನು ಅವನು, ಲ್ಯಾಬಿನಲ್ಲಿದ್ದ ವಸ್ತು ಅವನದ್ದೇ. ಅವರಿಬ್ಬರನ್ನ ಉಳಿಸೋಕೆ ತನ್ನ ಕೊನೇ ಜಿಗಿತ ಬಳಸಿ, ವಾಪಸ್ ಹೋಗೋಕೆ ಆಗದೆ ಉಳೀತಾನೆ. ಆದರೆ ಅವನು ಕಾಲ ಹಿಂದಕ್ಕೆ ಎಳೆದಿದ್ದು ಮಕೋತೊ ತನ್ನ ಕೊನೇದನ್ನ ಖರ್ಚು ಮಾಡೋದಕ್ಕೂ ಮೊದಲಿಗೆ. ಹಾಗಾಗಿ ಅವಳ ಪಾಲಿಗೆ ಒಂದು ಮರಳಿ ಬಂದಿರುತ್ತೆ. ಇದು ಕತೆಗಾರರು ಸುಮ್ಮನೆ ಕೊಟ್ಟ ದಾನ ಅಂತ ನಮ್ಮ ಫ್ರೆಂಡ್ಸ್ ವಾದ ಮಾಡಿದ್ರು. ಅಲ್ಲ. ಲೆಕ್ಕ ಕೂಡುತ್ತೆ.

ಕೂಡದೇ ಇರೋದು ಒಂದಿದೆ. ಮ್ಯೂಸಿಯಮ್ಮಿನಲ್ಲಿ ಚಿಕ್ಕಮ್ಮ ಸರಿ ಮಾಡ್ತಿರೋ ಒಂದು ಹಳೇ ವರ್ಣಚಿತ್ರ ನೋಡೋಕೆ ಅಂತ ಯಾರಾದ್ರೂ ಅಷ್ಟು ದೂರದ ಕಾಲದಿಂದ ಬರ್ತಾರಾ? ಚಿಯಾಕಿ ಹೇಳೋ ಕಾರಣ ಅದು. ಅವನ ಕಾಲದಲ್ಲಿ ಆ ಚಿತ್ರ ನಾಶವಾಗಿದೆ, ಎಲ್ಲಿತ್ತು ಅಂತ ಖಚಿತವಾಗಿ ಗೊತ್ತಿರೋದು ಈ ಕಾಲದಲ್ಲಿ ಮಾತ್ರ. ಅದಕ್ಕೆ ಬಂದೆ ಅಂತಾನೆ. ನನಗೆ ಇದು ದುರ್ಬಲ ಅನ್ನಿಸ್ತು.

ಬಳಪದ ಕಲ್ಲು (ಬೇಲೂರು)

ತಮ್ಮಾ, ನಾನು ಬೇಲೂರಿನಲ್ಲಿ ದೇವಸ್ಥಾನ ತೋರಿಸೋ ಕೆಲಸ ಮಾಡೋನು, ಇಪ್ಪತ್ತು ವರ್ಷ ಆಯ್ತು. ನಿನ್ನ ಪ್ರಶ್ನೆಗೆ ಉತ್ತರ ನನ್ನ ಕಣ್ಣ ಮುಂದೆ ದಿನಾ ನಡೆಯುತ್ತೆ.

ಚೆನ್ನಕೇಶವನ ಪ್ರತಿಷ್ಠೆ ಆಗಿದ್ದು 1117ರಲ್ಲಿ, ವಿಷ್ಣುವರ್ಧನನ ಕಾಲ. ದೂರದ ದೇಶದಿಂದ ಒಬ್ಬರೇ ಬಂದು ಒಂದು ಮದನಿಕೆಯ ಮುಂದೆ ಅರ್ಧ ದಿನ ನಿಂತು ಹೋದವರನ್ನ ನೋಡಿದೀನಿ. ನಾನು ಹೇಳೋ ವಿವರ ಅವರಿಗೆ ಬೇಕಿರಲಿಲ್ಲ. ಒಬ್ಬ ಹೆಂಗಸು ದರ್ಪಣ ಸುಂದರಿಯ ಕೆಳಗೆ ನಿಂತು ಸುಮ್ಮನೆ ಕತ್ತೆತ್ತಿ ನೋಡ್ತಾ ಇದ್ರು, ಮಳೆ ಹನಿ ಶುರುವಾದ್ರೂ ಕೊಡೆ ಬಿಚ್ಚಲಿಲ್ಲ.

ಹಳೇಬೀಡಿಗೆ ಹೋಗು. ಹೊಯ್ಸಳೇಶ್ವರದ ಕೆಲಸ ಶುರುವಾಗಿದ್ದು 1121ರ ಹೊತ್ತಿಗೆ. ಮೇಲೆ ಶಿಖರ ಇಲ್ಲ. ಗೋಡೆ ಮೇಲೆ ಎಷ್ಟೋ ಮೂರ್ತಿಗಳಿಗೆ ಕೈಯಿಲ್ಲ, ಮುಖ ಇಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, ಅದಾದ ಮೇಲೂ ಬಂದವು. ಹಾಗಿದ್ದೂ ಆನೆಗಳ ಸಾಲಿನಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಅಂತ ಇವತ್ತಿಗೂ ಬೆರಳಿಟ್ಟು ತೋರಿಸಬಹುದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಉಗುರು ತಾಗಿದ್ರೂ ಗೆರೆ ಬೀಳುತ್ತೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತೆ. ಅಂಥ ಕಲ್ಲಿನಲ್ಲಿ ಕೆತ್ತಿ, ಕೆಳಗೆ ತಮ್ಮ ಹೆಸರೂ ಬರೆದಿಟ್ಟು ಹೋದರು. ಬೇಲೂರಿನಲ್ಲಿ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ, ಬಳ್ಳಿಗಾವೆಯವರು. ಹೆಸರು ಬರೆದಿದ್ದು ಯಾರು ಓದಲಿ ಅಂತ? ಒಂಬೈನೂರು ವರ್ಷ ಆದ ಮೇಲೆ ಬರೋ ನೀನು ಓದಲಿ ಅಂತ.

ಸಿನಿಮಾದಲ್ಲಿ ಚಿಕ್ಕಮ್ಮ ಆ ಚಿತ್ರದ ಬಗ್ಗೆ ಏನಂತಾರೆ? ದೊಡ್ಡ ಯುದ್ಧ, ಬರಗಾಲ, ಪ್ರಪಂಚ ಮುಗಿದೇ ಹೋಯ್ತು ಅನ್ನೋ ಕಾಲದಲ್ಲಿ ಬರೆದಿದ್ದು ಅಂತ. ಅಂಥ ಕಾಲದಲ್ಲಿ ಇಷ್ಟು ಶಾಂತವಾದ ಮುಖ ಹೇಗೆ ಬರೆದರು ಅಂತ ನೋಡೋಕೆ ಒಬ್ಬ ಬರ್ತಾನೆ ಅಂದ್ರೆ ನನಗೆ ಅದರಲ್ಲಿ ಅನುಮಾನವೇ ಇಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದ ದಿನ ನಾವೆಲ್ಲ ಸಿಹಿ ಹಂಚಿದ್ವಿ. ಆ ದಿನ ನನಗೆ ನೆನಪಾಗಿದ್ದು ಪಟ್ಟಿ ಅಲ್ಲ, ಮಳೆಯಲ್ಲಿ ಕೊಡೆ ಬಿಚ್ಚದೆ ನಿಂತ ಆ ಹೆಂಗಸು.

ಇನ್ನೊಂದು. ಚಿಯಾಕಿ ಆ ಚಿತ್ರ ನೋಡದೇ ವಾಪಸ್ ಹೋಗ್ತಾನೆ. ಅದು ಹಾಳಾಗದ ಹಾಗೆ ನೋಡ್ಕೋತೀನಿ, ನೀನು ನಿನ್ನ ಕಾಲದಲ್ಲೇ ನೋಡು ಅಂತ ಮಕೋತೊ ಮಾತು ಕೊಡ್ತಾಳೆ. ಏನು ಓದಬೇಕು ಅಂತಲೇ ಗೊತ್ತಿಲ್ಲದ ಹುಡುಗಿಗೆ ಕೊನೆಯಲ್ಲಿ ಮಾಡೋ ಕೆಲಸ ಸಿಕ್ಕಿರುತ್ತೆ. ಕಲ್ಲು ಕಾಯೋರು, ಚಿತ್ರ ಕಾಯೋರು ಮಾಡೋದು ಇದೇ ಕೆಲಸ ಕಣಪ್ಪ. ನಾವು ಹೋಗಲಾಗದ ಕಾಲಕ್ಕೆ ಸಾಮಾನು ಕಳಿಸೋದು.

ಎರಡನೇ ಪಿಯುಸಿ (ಚಿಕ್ಕಮಗಳೂರು)

ಒಪ್ಪಿದೆ ಸರ್. ದಸರಾ ರಜೆಯಲ್ಲಿ ಬರ್ತೀನಿ. ಶಾಸನ ತೋರಿಸಿ.

ಶ್ರುತಿಪೆಟ್ಟಿಗೆ (ಹಾಸನ)

ಸಂಗೀತದ ಬಗ್ಗೆ ಯಾರೂ ಬರೀಲಿಲ್ಲ. ನಾನು ಮಕ್ಕಳಿಗೆ ಪಾಠ ಹೇಳೋಳು, ಆ ಕಿವಿಯಿಂದಲೇ ಕೇಳಿದ್ದು. ಕಿಯೋಶಿ ಯೋಶಿದಾ ಅವರ ಸಂಗೀತದ ನಡುವೆ ಹಳೇ ಜರ್ಮನ್ ಸಂಗೀತಗಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಪಿಯಾನೊದಲ್ಲಿ ಬರುತ್ತೆ. ಆ ಕೃತಿಯ ಕಟ್ಟಡ ಹೀಗಿದೆ: ಮೊದಲು ಆರಿಯಾ ಅನ್ನೋ ಒಂದು ಮೂಲ ಸಂಗೀತದ ತುಣುಕು, ಆಮೇಲೆ ಅದರ ತಳಪಾಯದ ಮೇಲೆ 30 ಬದಲಾವಣೆ, ಕೊನೆಗೆ ಮತ್ತೆ ಅದೇ ಆರಿಯಾ, ಒಂದು ಸ್ವರವೂ ಬದಲಾಗದೆ. ಬದಲಾಗಿರೋದು ಕೇಳೋರು. ನಮ್ಮಲ್ಲಿ ಚರಣ, ಚಿಟ್ಟೆಸ್ವರ ಎಲ್ಲ ಮುಗಿಸಿ ಪಲ್ಲವಿಗೆ ಬಂದು ನಿಲ್ತೀವಲ್ಲ, ಆಗ ಪಲ್ಲವಿ ಮೊದಲಿನ ಥರ ಕೇಳಿಸೋದೇ ಇಲ್ಲ. ಮಕೋತೊ ಕೊನೇ ಸಲ ಅದೇ ಜುಲೈ 13ಕ್ಕೆ ಬಂದು ಬಿದ್ದಾಗ ಅದೇ ಲ್ಯಾಬು, ಅದೇ ಮೈದಾನ. ಈ ಸಂಗೀತವನ್ನ ಯೋಚನೆ ಮಾಡಿಯೇ ಆರಿಸಿದಾರೆ ಅಂತ ನನ್ನ ನಂಬಿಕೆ.

ಸಕಲೇಶಪುರದ ಮಂಜು

ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಜಿಗಿದಳು ಅಂತಿದೆ. ಜಪಾನಿ ಹೆಸರು 'ತೋಕಿ ವೊ ಕಾಕೆರು ಶೋಜೋ'. ಕಾಕೆರು ಅಂದ್ರೆ ಓಡೋದು, ನಾಗಾಲೋಟ ಹಾಕೋದು. ಕಾಲವನ್ನ ಹಾದು ಓಡೋ ಹುಡುಗಿ ಅನ್ನಬಹುದು. ಸಿನಿಮಾ ನೋಡಿದ್ರೆ ಅದೇ ಸರಿ ಅನ್ನಿಸುತ್ತೆ. ಕೊನೆಯಲ್ಲಿ ಅವಳು ಚಿಯಾಕಿಯನ್ನ ಹುಡುಕ್ಕೊಂಡು ಓಡ್ತಾಳಲ್ಲ, ಕ್ಯಾಮೆರಾ ಪಕ್ಕದಲ್ಲೇ ಸಾಗುತ್ತೆ, ಅವಳು ಸುಸ್ತಾಗಿ ಹಿಂದೆ ಬೀಳ್ತಾಳೆ, ಮತ್ತೆ ಉಸಿರು ಕಟ್ಟಿ ಮುಂದೆ ಬರ್ತಾಳೆ. ಅಲ್ಲಿ ಮಾಯೆ ಏನೂ ಇಲ್ಲ, ಕಾಲು ಮಾತ್ರ.

ಮೂಲ ಕತೆ ಯಾಸುತಾಕಾ ತ್ಸುತ್ಸುಯಿ ಅವರದ್ದು, 1967ರಲ್ಲಿ ಪುಸ್ತಕವಾಗಿ ಬಂದಿದ್ದು. ಅದರ ನಾಯಕಿ ಕಝುಕೊ ಯೋಶಿಯಾಮಾ. ಸಿನಿಮಾದ ಚಿಕ್ಕಮ್ಮ ಅವಳೇ! ಅಂದ್ರೆ ಇದು ಹಳೇ ಕತೆಯ ಮರುನಿರ್ಮಾಣ ಅಲ್ಲ, ಮುಂದಿನ ತಲೆಮಾರು. ಚಿಕ್ಕಮ್ಮ ಒಬ್ಬರೇ ಇದಾರೆ, ಅವರ ಕೋಣೆಯಲ್ಲಿ ಹಳೇ ಫೋಟೊ ಇದೆ, ಯಾರಿಗೋ ಕಾದಿರೋರ ನಿಧಾನ ಅವರಲ್ಲಿ. ಮಕೋತೊಗೆ ಅವರು ಹೇಳೋದು, ನೀನು ನನ್ನ ಥರ ಅಲ್ಲ, ಬರಬೇಕಾದೋರು ತಡ ಮಾಡಿದ್ರೆ ನೀನೇ ಎದುರು ಓಡಿ ಹೋಗೋಳು ಅಂತ.

ಮೊದಲು ಕೆಲವೇ ಥಿಯೇಟರಿನಲ್ಲಿ ಬಿಡುಗಡೆಯಾಗಿ, ನೋಡಿದೋರು ನೋಡದೋರಿಗೆ ಹೇಳಿ ಹೇಳಿ ಬೆಳೆದ ಸಿನಿಮಾ ಇದು. ಜಪಾನ್ ಅಕಾಡೆಮಿ ಅನಿಮೇಷನ್ನಿಗೆ ಪ್ರಶಸ್ತಿ ಕೊಡೋಕೆ ಶುರು ಮಾಡಿದ ಮೊದಲ ವರ್ಷವೇ ಇದಕ್ಕೆ ಬಂತು. ಆಕಾಶ ನೋಡಿ ಅದರಲ್ಲಿ. ಹಿನ್ನೆಲೆ ಚಿತ್ರಗಳ ಹೊಣೆ ನಿಝೋ ಯಾಮಾಮೊತೊ ಅವರದ್ದು. ಮನುಷ್ಯರ ಮೈಮೇಲೆ ನೆರಳು ಬರೆದಿಲ್ಲ, ಬರೀ ಗೆರೆ ಮತ್ತು ಬಣ್ಣ. ಹಿಂದೆ ಮಾತ್ರ ರಾಶಿ ರಾಶಿ ಬೇಸಿಗೆ ಮೋಡ.

ಕಾಫಿ ಹೂ (ಮೂಡಿಗೆರೆ)

ಆಕಾಶ ಅಂದ್ರಲ್ಲ, ಚಿಯಾಕಿಯ ಆ ಮಾತು ಯಾರಾದ್ರೂ ಬರೀತಾರೆ ಅಂತ ಕಾಯ್ತಿದ್ದೆ. ಕಾಲ ನಿಂತ ಪೇಟೆಯಲ್ಲಿ, ಜನ ಎಲ್ಲ ಗೊಂಬೆಯ ಹಾಗೆ ನಿಂತಿರೋವಾಗ ಹೇಳ್ತಾನೆ. ಇಲ್ಲಿಗೆ ಬಂದು ನೆಲದ ಮೇಲೆ ಹರಿಯೋ ನದಿ ಮೊದಲ ಸಲ ನೋಡಿದೆ, ಸೈಕಲ್ ಮೊದಲ ಸಲ ಹತ್ತಿದೆ, ಆಕಾಶ ಇಷ್ಟು ಅಗಲ ಅಂತ ಮೊದಲ ಸಲ ಗೊತ್ತಾಯ್ತು, ಇಷ್ಟು ಜನ ಒಂದೇ ಕಡೆ ಇರೋದನ್ನ ಮೊದಲ ಸಲ ಕಂಡೆ ಅಂತ. ಅವನ ಕಾಲ ಹೇಗಿದೆ ಅಂತ ಬೇರೆ ಒಂದು ಚಿತ್ರವನ್ನೂ ತೋರಿಸಲ್ಲ. ಈ ನಾಲ್ಕು ವಾಕ್ಯ ಸಾಕು. ನಮ್ಮ ಮನೆ ಹಿಂದೆ ಹಳ್ಳ ಇದೆ, ಹೇಮಾವತಿಗೇ ಸೇರೋದು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹೋಗಿ ನಿಂತೆ.

ಆಮೇಲೆ ಕೊನೆಯ ದೃಶ್ಯ. ಅವಳು ಅಳಿಸಿಬಿಟ್ಟ ಮಾತನ್ನ ಅವನು ಮತ್ತೆ ಹೇಳಲಿ ಅಂತ ಅವಳಿಗೆ ಎಷ್ಟು ಆಸೆ. ಅವನು ಹೇಳೋದಿಲ್ಲ. ಹೊರಟುಬಿಡ್ತಾನೆ, ಅವಳು ಜೋರಾಗಿ ಅಳ್ತಾಳೆ, ತಿರುಗಿ ಬಂದು ಕಿವಿ ಹತ್ತಿರ ಬೇರೆ ಮಾತು ಹೇಳ್ತಾನೆ: ಭವಿಷ್ಯದಲ್ಲಿ ಕಾಯ್ತಿರ್ತೀನಿ ಅಂತ. ಹೊಳೆ ದಂಡೆಯಲ್ಲಿ ಹೇಳಿದ ಮಾತು ಮಾತ್ರ ಹೋಯ್ತು. ಅದು ಯಾವ ಕಾಲದಲ್ಲೂ ಇಲ್ಲ, ಅವಳ ನೆನಪಿನಲ್ಲಿ ಬಿಟ್ಟು.

ಹೇಮಾವತಿ ದಂಡೆ ಅವರೇ, ನಿಮ್ಮಪ್ಪನ ಮಾತು ಕೇಳಿದ ಬೇರೆ ಯಾರಾದ್ರೂ ಇದಾರಾ? ಒಡಹುಟ್ಟಿದವರು?

ಹೇಮಾವತಿ ದಂಡೆ (ಹಾಸನ)

ನಿಮ್ಮ ಪ್ರಶ್ನೆ ಓದಿ ಮೂರು ದಿನ ಸುಮ್ಮನಿದ್ದೆ. ನಿನ್ನೆ ಮಗಳನ್ನ ಕರ್ಕೊಂಡು ಅರಕಲಗೂಡಿಗೆ ಹೋಗಿದ್ದೆ. ಅಲ್ಲಿ ನಮ್ಮ ಸೋದರತ್ತೆ ಇದಾರೆ, ಅಪ್ಪನ ಅಕ್ಕ, ಎಪ್ಪತ್ತು ದಾಟಿದೆ. ವರ್ಷಕ್ಕೊಂದು ಸಲ ಹಬ್ಬಕ್ಕೆ ಹೋಗಿ ಸೀರೆ ಕೊಟ್ಟು ಬರ್ತಿದ್ದೆ ಅಷ್ಟೇ, ಕೂತು ಮಾತಾಡಿದ್ದಿಲ್ಲ.

ದಾರಿಯಲ್ಲಿ ಶೆಟ್ಟಿಹಳ್ಳಿ ಕಡೆ ಬಸ್ಸು ಕಂಡಾಗ ಮಗಳು ಆ ಚರ್ಚಿನ ಬಗ್ಗೆ ಕೇಳಿದ್ಲು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಹಿನ್ನೀರಿಗೆ ಮುಳುಗುತ್ತೆ, ಬೇಸಿಗೆಯಲ್ಲಿ ಒಳಗೆ ನಡ್ಕೊಂಡು ಹೋಗಬಹುದು. ಜನ ಹೋಗಿ ಫೋಟೊ ತೆಗೀತಾರೆ. ನಾವೂ ತೆಗೆದಿದ್ವಿ. ಅಪ್ಪ ಒಂದು ಸಲವೂ ಜೊತೆಗೆ ಬರಲಿಲ್ಲ, ಕಾರಿನಲ್ಲೇ ಕೂತಿದ್ರು. ನಾನು ಯಾಕೆ ಅಂತ ಕೇಳಲಿಲ್ಲ.

ಅತ್ತೆ ಹೇಳಿದ್ದು ಬರೀತೀನಿ. ಲಾರಿಗೆ ಬಾಗಿಲ ಚೌಕಟ್ಟು, ಹೆಂಚು, ಪಾತ್ರೆ ಎಲ್ಲ ಹೇರಿದ್ರಂತೆ. ಒರಳುಕಲ್ಲು ಮಾತ್ರ ಅಡುಗೆ ಮನೆ ನೆಲದಲ್ಲಿ ಹೂತಿತ್ತು, ಕೀಳೋಕೆ ಆಗಲಿಲ್ಲ. ಅಜ್ಜಿ ಹೊಳೆಯಿಂದ ಒಂದು ಬಿಂದಿಗೆ ನೀರು ತಂದು ಅದನ್ನ ಚೆನ್ನಾಗಿ ತೊಳೆದು, ಸೆರಗಿನಿಂದ ಒರೆಸಿ, ಕುಂಕುಮ ಇಟ್ಟು ಹೊರಗೆ ಬಂದ್ರು. ಇನ್ನು ಕೆಲವೇ ದಿನದಲ್ಲಿ ನೀರೊಳಗೆ ಹೋಗೋ ಕಲ್ಲು. ತೊಳೆದಿಟ್ಟು ಬಂದ್ರು. ಅತ್ತೆ ಇದನ್ನ ಹೇಳೋವಾಗ ಕೈಯಲ್ಲಿ ಒರೆಸಿ ತೋರಿಸಿದ್ರು, ದುಂಡಗೆ, ನೆಲದ ಮೇಲೆ.

ನಾನು ಕೇಳಿದೆ, ಅಪ್ಪ ಆಗ ಏನು ಮಾಡ್ತಿದ್ರು ಅಂತ.

"ನಿಮ್ಮಪ್ಪ ಲಾರೀಲಿ ಬರಲೇ ಇಲ್ಲ ಕಣೇ. ಹೊರಡೋ ಹೊತ್ತಿಗೆ ಕಾಣಲಿಲ್ಲ. ಕತ್ತಲಾದ ಮೇಲೆ ಒಬ್ಬನೇ ನಡ್ಕೊಂಡು ಹೊಸ ಜಾಗಕ್ಕೆ ಬಂದ, ಮೊಣಕಾಲು ತನಕ ಕೆಸರು. ಎಲ್ಲಿಗೆ ಹೋಗಿದ್ದೆ ಅಂತ ಎಲ್ಲರೂ ಕೇಳಿದ್ವಿ. ಬಾಯಿ ಬಿಡಲಿಲ್ಲ. ನಿನಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ."

ನಾನು ಇಲ್ಲ ಅಂತ ತಲೆಯಾಡಿಸಿದೆ. ಅತ್ತೆ ನನ್ನ ಮುಖ ನೋಡಿ, ಎದ್ದು ಹೋಗಿ ಕಾಫಿಗೆ ನೀರಿಟ್ಟರು.

ಮಕೋತೊ ಮೇಲಿನ ಸಿಟ್ಟು ಹೋಗಿದೆ. ಭಾನುವಾರ ಮತ್ತೆ ಹೋಗ್ತೀವಿ. ಅತ್ತೆಗೆ ಆ ಊರಿನ ಎಲ್ಲ ಮನೆಗಳೂ ಸಾಲಾಗಿ ನೆನಪಿವೆ, ಯಾರ ಮನೆ ಪಕ್ಕ ಯಾರದು ಅಂತ. ಮಗಳು ಒಂದು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆಯೋಕೆ ಹಾಳೆ ಬಿಟ್ಟು, ಹಿಂದಿನ ಪುಟದಲ್ಲಿ ಕೇಳಬೇಕಾದ ಪ್ರಶ್ನೆ ಬರೆದಿಟ್ಟಿದಾಳೆ. ಮೊದಲನೇದು: ಅಡುಗೆ ಮನೆ ಬಾಗಿಲಿಂದ ಹೊಳೆಗೆ ಎಷ್ಟು ಹೆಜ್ಜೆ ಆಗ್ತಿತ್ತು?